ಇಟ್ಟಿಗೆಯೇ ಆಟಿಕೆ ಆಗಿದ್ದ ಹುಡುಗ ವಿಶ್ವಕಪ್ ಎತ್ತಿದ್ದು ಹೇಗೆ? ಊರ ಕ್ಲಬ್‌ನಿಂದ ಪ್ರೊ ರಗ್ಬಿವರೆಗಿನ ಮೆಟ್ಟಿಲುಗಳು

ರಗ್ಬಿ ಅಂದ ತಕ್ಷಣ ‘ಹೊದಿಯೋ ರಗ್ಗಾ?’ ಅಂತ ಕೇಳೋರು ನಮ್ಮಲ್ಲಿ ಇನ್ನೂ ಇದ್ದಾರೆ. ಕ್ರಿಕೆಟ್, ಕಬಡ್ಡಿ, ವಾಲಿಬಾಲ್ ಬಿಟ್ಟರೆ ತಾಲೂಕು ಮೈದಾನದಲ್ಲಿ ಬೇರೆ ಆಟ ಕಾಣೋದು ಅಪರೂಪ. ಆದರೆ ಮಗ ‘ನಾನು ಆಟದಲ್ಲೇ ಮುಂದೆ ಹೋಗ್ತೀನಿ’ ಅಂದಾಗ ಗಲ್ಲಾದ ಮುಂದೆ ಕೂತ ಅಪ್ಪನಿಗೆ ಬರೋ ಪ್ರಶ್ನೆ ಯಾವ ಊರಲ್ಲಾದರೂ ಒಂದೇ: ಆಟ ಆಡಿದ್ರೆ ಹೊಟ್ಟೆ ತುಂಬುತ್ತಾ?

ಇದಕ್ಕೆ ಉತ್ತರ ಹುಡುಕೋಕೆ ದಕ್ಷಿಣ ಆಫ್ರಿಕಾದ ರಗ್ಬಿ ನಾಯಕ ಸಿಯಾ ಕೊಲಿಸಿ ಬಂದ ದಾರಿ ನೋಡೋಣ.

ಮೊದಲು ಆಟ ಏನು?

ಮೊಟ್ಟೆ ಆಕಾರದ ಚೆಂಡು. ಒಂದು ತಂಡಕ್ಕೆ 15 ಜನ, 80 ನಿಮಿಷದ ಪಂದ್ಯ. ಚೆಂಡು ಹಿಡಿದು ಓಡಬಹುದು, ಒದೆಯಬಹುದು. ಆದರೆ ಕೈಯಿಂದ ಮುಂದಕ್ಕೆ ಎಸೆಯೋ ಹಾಗಿಲ್ಲ, ಪಕ್ಕಕ್ಕೋ ಹಿಂದಕ್ಕೋ ಮಾತ್ರ ಕೊಡಬೇಕು. ಎದುರಾಳಿಯ ಗೆರೆ ದಾಟಿ ಚೆಂಡನ್ನ ನೆಲಕ್ಕೆ ಒತ್ತಿದರೆ 5 ಅಂಕ, ಅದಕ್ಕೆ ‘ಟ್ರೈ’ ಅಂತಾರೆ. ಕಬಡ್ಡಿಯಲ್ಲಿ ರೈಡರ್‌ನ ಸೊಂಟ, ಕಾಲು ಹಿಡಿದು ಕೆಡವೋದು ನೋಡಿದ್ದೀರಲ್ಲ, ಇಲ್ಲಿ ಚೆಂಡು ಹಿಡಿದವನನ್ನ ಹಂಗೇ ಕೆಡವಬೇಕು. ತಂಡಕ್ಕೆ ಏಳೇ ಜನ ಆಡೋ ಚಿಕ್ಕ ರೂಪಕ್ಕೆ ಸೆವೆನ್ಸ್ ಅಂತಾರೆ. ಒಲಿಂಪಿಕ್ಸ್‌ನಲ್ಲಿ 2016ರಿಂದ ಇರೋದು ಇದೇ.

ಮೊದಲ ಮೆಟ್ಟಿಲು: ಊರ ಕ್ಲಬ್

ಕೊಲಿಸಿ ಹುಟ್ಟಿದ್ದು 1991ರ ಜೂನ್ 16ರಂದು, ಪೋರ್ಟ್ ಎಲಿಜಬೆತ್ ಪಕ್ಕದ ಜ್ವಿಡೆಯಲ್ಲಿ. ವರ್ಣಭೇದದ ಕಾಲದಲ್ಲಿ ಕಪ್ಪುಜನರನ್ನ ಊರಾಚೆಗೆ ಇಟ್ಟ ಬಡಾವಣೆ ಅದು. ಹೆತ್ತವರಿಬ್ಬರೂ ಆಗಿನ್ನೂ ಹದಿಹರೆಯದವರು. ಸಾಕಿದ್ದು ಅಜ್ಜಿ. ಮಲಗೋಕೆ ಹಾಸಿಗೆ ಇಲ್ಲ, ನೆಲದ ಮೇಲೆ ಕುರ್ಚಿ ದಿಂಬು ಜೋಡಿಸಿಕೊಂಡು ಮಲಗೋದು. ಆಟಿಕೆ ಕಾರು ಅಂದ್ರೆ ಒಂದು ಇಟ್ಟಿಗೆ. ಅದನ್ನೇ ಬುರ್ ಅಂತ ನೂಕಿಕೊಂಡು ಆಡ್ತಿದ್ದರಂತೆ. ಕೆಲವು ದಿನ ಶಾಲೆಯಲ್ಲಿ ಕೊಡೋ ಊಟವೇ ಆ ದಿನದ ಊಟ.

ಆ ಬಡಾವಣೆಯ ಕ್ಲಬ್ ಹೆಸರು ಆಫ್ರಿಕನ್ ಬಾಂಬರ್ಸ್. ಅಪ್ಪನೂ ರಗ್ಬಿ ಆಡಿದವರೇ. ಹುಡುಗ ಚಿಕ್ಕ ವಯಸ್ಸಲ್ಲೇ ಆ ಕ್ಲಬ್ ಸೇರಿದ. ಅಲ್ಲಿ ಸಂಬಳ ಇಲ್ಲ, ಕ್ಯಾಮೆರಾ ಇಲ್ಲ. ಸಂಜೆ ಬೀದಿ ಅಲೆಯೋ ಬದಲು ಮೈದಾನಕ್ಕೆ ಬರೋ ಅಭ್ಯಾಸ, ದೊಡ್ಡವರ ಕಣ್ಣೆದುರು ಇರೋ ಶಿಸ್ತು, ಇಷ್ಟೇ ಸಿಗೋದು. ಆದರೆ ಮುಂದಿನದೆಲ್ಲ ನಿಂತಿರೋದು ಇದರ ಮೇಲೇ.

ಎರಡನೇ ಮೆಟ್ಟಿಲು: 12ನೇ ವಯಸ್ಸಿನ ತಿರುವು

ಬಹಳ ಮಕ್ಕಳು ಕಳೆದುಹೋಗೋದು ಈ ಜಾಗದಲ್ಲಿ. ಕೊಲಿಸಿ ಒಂದು ಮಕ್ಕಳ ಟೂರ್ನಿಗೆ ಹೋದಾಗ ವಯಸ್ಸು ಸುಮಾರು 12. ಒಂದು ಆಯ್ಕೆ ಪಂದ್ಯದಲ್ಲಿ ರಗ್ಬಿ ಚಡ್ಡಿ ಇಲ್ಲದೆ ಒಳಚಡ್ಡಿ ಹಾಕ್ಕೊಂಡೇ ಆಡಿದ್ದರು. ಆದರೆ ಆಟ ನೋಡಿದವರು ಚಡ್ಡಿ ನೋಡಲಿಲ್ಲ. ಹೆಸರಾಂತ ಗ್ರೇ ಶಾಲೆಯಲ್ಲಿ ಪೂರ್ತಿ ವಿದ್ಯಾರ್ಥಿವೇತನ ಸಿಕ್ಕಿತು.

ಶುರುವಲ್ಲಿ ಇಂಗ್ಲಿಷ್ ಬರ್ತಿರಲಿಲ್ಲ. ಜತೆಯ ಹುಡುಗರಿಂದ ಕಲಿತರು. ಹೊಟ್ಟೆ ತುಂಬ ಊಟ, ಒಳ್ಳೆ ಮೈದಾನ, ತರಬೇತಿ ಒಂದೇ ಜಾಗದಲ್ಲಿ ಸಿಕ್ಕಿತು. ರಗ್ಬಿಗೆ ಮೈಕಟ್ಟು ಬೇಕು, ಮೈಕಟ್ಟಿಗೆ ಊಟ ಬೇಕು. ಪ್ರತಿಭೆ ಅಂತ ನಾವು ಕರೆಯೋದರಲ್ಲಿ ತಟ್ಟೆಯ ಪಾಲು ದೊಡ್ಡದಿದೆ.

ರಜೆಗೆ ಮನೆಗೆ ಬಂದ್ರೆ ಮತ್ತೆ ಹಳೇ ಜೀವನ. 2007ರಲ್ಲಿ ದಕ್ಷಿಣ ಆಫ್ರಿಕಾ ವಿಶ್ವಕಪ್ ಗೆದ್ದಾಗ ಮನೇಲಿ ಟಿವಿ ಇಲ್ಲದೆ ಫೈನಲ್ ನೋಡಿದ್ದು ಬಡಾವಣೆಯ ಸಾರಾಯಿ ಅಂಗಡಿಯಲ್ಲಿ.

ಮೂರನೇ ಮೆಟ್ಟಿಲು: ಶಾಲೆಯಿಂದ ಸಂಬಳಕ್ಕೆ

ದಕ್ಷಿಣ ಆಫ್ರಿಕಾದಲ್ಲಿ 18 ವರ್ಷದೊಳಗಿನವರಿಗೆ ‘ಕ್ರೇವನ್ ವೀಕ್’ ಅನ್ನೋ ಟೂರ್ನಿ 1964ರಿಂದ ನಡೀತಿದೆ. ನಮ್ಮ ಪಿಯು ಕ್ರೀಡಾಕೂಟದಲ್ಲಿ ಜಿಲ್ಲೆ ಜಿಲ್ಲೆ ಸೆಣಸೋ ಹಾಗೆ ಅಲ್ಲಿ ಪ್ರಾಂತ್ಯಗಳು ಸೆಣಸ್ತವೆ. ಪ್ರೊ ತಂಡದವರು ಅಲ್ಲೇ ಕೂತು ಹುಡುಗರನ್ನ ಗುರುತಿಸ್ತಾರೆ. ಕೊಲಿಸಿ 2008 ಮತ್ತು 2009ರಲ್ಲಿ ಆಡಿದರು. ಆಮೇಲೆ ಕೇಪ್ ಟೌನ್‌ನ ವೆಸ್ಟರ್ನ್ ಪ್ರಾವಿನ್ಸ್, 20 ವರ್ಷದೊಳಗಿನ ರಾಷ್ಟ್ರೀಯ ತಂಡ, 2012ರಲ್ಲಿ ಸ್ಟಾರ್ಮರ್ಸ್.

ಇನ್ನೊಂದು ವಿಷಯ. ಅಂತರರಾಷ್ಟ್ರೀಯ ರಗ್ಬಿಯಲ್ಲಿ ಆಟಗಾರರಿಗೆ ಸಂಬಳ ಕೊಡಬಹುದು ಅಂತ ಒಪ್ಪಿದ್ದೇ 1995ರ ಆಗಸ್ಟ್‌ನಲ್ಲಿ. ಅದಕ್ಕೂ ಮುಂಚೆ ಲೆಕ್ಕಕ್ಕೆ ಎಲ್ಲರೂ ಹವ್ಯಾಸಿಗಳೇ. ಅಂದ್ರೆ ಕೊಲಿಸಿ ಅಪ್ಪನ ಕಾಲಕ್ಕೆ ಈ ಮೆಟ್ಟಿಲೇ ಇರಲಿಲ್ಲ.

2013ರ ಜೂನ್ 15ರಂದು ಸ್ಕಾಟ್ಲೆಂಡ್ ವಿರುದ್ಧ ಮೊದಲ ಟೆಸ್ಟ್. ಬೆಂಚಲ್ಲಿ ಕೂತಿದ್ದ ಕೊಲಿಸಿ, ಆಟಗಾರನೊಬ್ಬ ಗಾಯಗೊಂಡ ಕಾರಣ ನಾಲ್ಕನೇ ನಿಮಿಷಕ್ಕೇ ಒಳಗೆ ಹೋದರು, ಪಂದ್ಯಶ್ರೇಷ್ಠರಾಗಿ ಹೊರಗೆ ಬಂದರು. 2018ರಲ್ಲಿ ಟೆಸ್ಟ್ ತಂಡದ ಮೊದಲ ಕಪ್ಪುವರ್ಣೀಯ ನಾಯಕ. 2019ರಲ್ಲಿ ಯೊಕೊಹಾಮಾದಲ್ಲಿ ಇಂಗ್ಲೆಂಡನ್ನ 32–12ರಿಂದ, 2023ರಲ್ಲಿ ಪ್ಯಾರಿಸ್‌ನಲ್ಲಿ ನ್ಯೂಜಿಲೆಂಡನ್ನ 12–11ರಿಂದ ಸೋಲಿಸಿ ಎರಡು ವಿಶ್ವಕಪ್. ದುಡಿಯೋಕೆ ಶುರು ಮಾಡಿದ ಮೇಲೆ ತಾಯಿ ತೀರಿಕೊಂಡು ದೂರವಾಗಿದ್ದ ತಮ್ಮ, ತಂಗಿಯನ್ನ ಹುಡುಕಿ ತಂದು ಸಾಕಿದರು.

ಯಾರೂ ಹೇಳದ ಲೆಕ್ಕ

ಗಾಯದ ಲೆಕ್ಕವನ್ನೂ ಹಾಕಬೇಕು. 2023ರ ಏಪ್ರಿಲ್‌ನಲ್ಲಿ ಕೊಲಿಸಿಯ ಮೊಣಕಾಲಿನ ಲಿಗಮೆಂಟ್‌ಗೆ ಪೆಟ್ಟಾಯ್ತು. ಶಸ್ತ್ರಚಿಕಿತ್ಸೆ ಮಾಡಿಸಿ ಆಗಸ್ಟ್‌ಗೆ ಮೈದಾನಕ್ಕೆ ವಾಪಸ್. ರಾಷ್ಟ್ರೀಯ ನಾಯಕನಿಗೆ ಡಾಕ್ಟರು, ಫಿಸಿಯೋ ಎಲ್ಲ ಇದ್ದರು. ಅದೇ ಪೆಟ್ಟು 17 ವರ್ಷದ ಹುಡುಗನಿಗೆ ಬಿದ್ದರೆ ಆಟ ಅಲ್ಲಿಗೇ ಮುಗೀಬಹುದು. ಗಾಯ ಇಲ್ಲದಿದ್ದರೂ 30 ದಾಟಿ ಕೆಲವೇ ವರ್ಷಕ್ಕೆ ಬಹುತೇಕರ ಆಟ ಮುಗಿಯುತ್ತೆ. ಹಾಗಾಗಿ ಓದು ಬಿಡಿಸಿ ಆಟಕ್ಕೆ ಹಾಕೋದು ಜೂಜು. ಗಮನಿಸಿ, ಕೊಲಿಸಿ ಮೇಲೆ ಬಂದಿದ್ದೂ ಶಾಲೆಯ ಮೂಲಕವೇ.

ನಮ್ಮ ಕಡೆ ದಾರಿ ಇದೆಯಾ?

ಸಣ್ಣದಾಗಿ ತೆರೆದಿದೆ. 2025ರ ಜೂನ್‌ನಲ್ಲಿ ಮುಂಬೈನಲ್ಲಿ ಮೊದಲ ರಗ್ಬಿ ಪ್ರೀಮಿಯರ್ ಲೀಗ್ ನಡೀತು. ಆರು ತಂಡ, ಅದರಲ್ಲಿ ನಮ್ಮ ಬೆಂಗಳೂರು ಬ್ರೇವ್‌ಹಾರ್ಟ್ಸ್ ಒಂದು. ವಿದೇಶಿ ಆಟಗಾರರ ಪಕ್ಕದಲ್ಲೇ ಭಾರತದ ಹುಡುಗರು ಆಡಿದರು. ಕಪ್ ಚೆನ್ನೈ ಬುಲ್ಸ್ ಪಾಲಾಯ್ತು.

ಬಡ ಮಕ್ಕಳಿಗೆ ಇದೆಲ್ಲ ಎಟುಕಲ್ಲ ಅನ್ನೋರು ಒಡಿಶಾ ನೋಡಬೇಕು. ಭುವನೇಶ್ವರದ ಕಿಸ್ ಸಂಸ್ಥೆಯಲ್ಲಿ ಊಟ, ವಸತಿ, ಓದು ಉಚಿತವಾಗಿ ಪಡೆಯೋ ಬುಡಕಟ್ಟು ಮಕ್ಕಳು 2007ರಲ್ಲಿ ಲಂಡನ್‌ಗೆ ಹೋಗಿ 14 ವರ್ಷದೊಳಗಿನವರ ಅಂತರರಾಷ್ಟ್ರೀಯ ಟೂರ್ನಿ ಗೆದ್ದು ಬಂದರು. ಅಲ್ಲೂ ಅದೇ ಲೆಕ್ಕ: ಮೊದಲು ತಟ್ಟೆ, ಆಮೇಲೆ ಚೆಂಡು.

ನಾವೇನು ಮಾಡಬಹುದು?

ಊರಲ್ಲಿ ಟೂರ್ನಿ ಅಂದ್ರೆ ಅಂಗಡಿಯವರು ಕೈಬಿಚ್ಚಿ ಕೊಡ್ತಾರೆ, ಸುಳ್ಳಲ್ಲ. ಆದರೆ ದುಡ್ಡು ಎಲ್ಲಿಗೆ ಹೋಗುತ್ತೆ? ಆಳೆತ್ತರದ ಟ್ರೋಫಿಗೆ, ಫ್ಲೆಕ್ಸ್‌ಗೆ, ಶಾಲು ಹಾರಕ್ಕೆ. ಅದರಲ್ಲಿ ಒಂದು ಪಾಲು ತೆಗೆದು ನಿತ್ಯ ಅಭ್ಯಾಸಕ್ಕೆ ಬರೋ ಹತ್ತು ಮಕ್ಕಳಿಗೆ ಮೊಟ್ಟೆ, ಬಾಳೆಹಣ್ಣು, ಒಂದು ಜತೆ ಶೂ ಕೊಟ್ಟರೆ ಅದೇ ಮೊದಲ ಮೆಟ್ಟಿಲು. ರಗ್ಬಿಯೇ ಆಗಬೇಕಿಲ್ಲ, ಕಬಡ್ಡಿಯಾದರೂ ಖೋ ಖೋ ಆದರೂ ಸರಿ.

ಜ್ವಿಡೆಯ ಮೈದಾನದಲ್ಲಿ ಕೊಲಿಸಿ ಜತೆ ಇನ್ನೂ ಎಷ್ಟೋ ಹುಡುಗರು ಓಡಿದ್ದರು. ಅವರಲ್ಲೂ ಆಟ ಇತ್ತು. 12ನೇ ವಯಸ್ಸಲ್ಲಿ ನೋಡೋ ಕಣ್ಣು ಸಿಕ್ಕಿದ್ದು ಕೆಲವರಿಗಷ್ಟೇ. ನಾಳೆ ಸಂಜೆ ಅಂಗಡಿಯಲ್ಲಿ ವ್ಯಾಪಾರ ಕಮ್ಮಿ ಇದ್ರೆ ಅರ್ಧ ಗಂಟೆ ಮೈದಾನದ ಕಡೆ ಹೋಗಿ ಬನ್ನಿ. ಬರಿಗಾಲಲ್ಲಿ ಓಡೋ ಹುಡುಗರು ಕಾಣ್ತಾರೆ.