ಮುದ್ದೆ ಇಳಿಯದಿದ್ದಾಗ: ಎದೆಯುರಿ ಮತ್ತು ನುಂಗುವ ತೊಂದರೆ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಸೀಮೆಯಲ್ಲಿ ರಾಗಿ ಮುದ್ದೆಯನ್ನು ಅಗಿಯುವ ರೂಢಿಯಿಲ್ಲ. ತುತ್ತು ಮುರಿದು, ಬಸ್ಸಾರಿನಲ್ಲಿಯೋ ಉಪ್ಪುಸಾರಿನಲ್ಲಿಯೋ ಅದ್ದಿ ನುಂಗುತ್ತೇವೆ. ಆದುದರಿಂದ ಅನ್ನನಾಳದಲ್ಲಿ ತೊಡಕುಂಟಾದರೆ ಅದನ್ನು ಮೊದಲು ತಿಳಿಸುವುದು ಮುದ್ದೆಯೇ ಆಗಿರಬಹುದು. ಮನೆಯ ಹಿರಿಯರು ಮೊದಲು ತುತ್ತನ್ನು ಚಿಕ್ಕದು ಮಾಡುತ್ತಾರೆ. ಕೆಲವು ವಾರಗಳ ಬಳಿಕ ಮುದ್ದೆ ಬೇಡ, ಅನ್ನ ಸಾಕು ಎನ್ನುತ್ತಾರೆ. ಆಮೇಲೆ ಗಂಜಿಗೆ ಬರುತ್ತಾರೆ. ನಾವು ಅದನ್ನು ವಯಸ್ಸಿನ ಲಕ್ಷಣವೆಂದು ಭಾವಿಸಿ ಸುಮ್ಮನಾಗುತ್ತೇವೆ. ತಟ್ಟೆಯಲ್ಲಾದ ಈ ಬದಲಾವಣೆಯೇ ರೋಗದ ಸೂಚನೆಯಾಗಿರಬಹುದು.

ಅನ್ನನಾಳವು ಸುಮಾರು 25 ಸೆಂಟಿಮೀಟರ್ ಉದ್ದದ ಸ್ನಾಯುವಿನ ಕೊಳವೆ. ಅದು ಜಠರವನ್ನು ಸೇರುವೆಡೆ ಬಿಗಿಯಾದ ಉಂಗುರದಂತಹ ಸ್ನಾಯುವಿದೆ. ತುತ್ತು ಬಂದಾಗ ತೆರೆದು, ಒಡನೆಯೇ ಮುಚ್ಚಿಕೊಳ್ಳುವುದು ಅದರ ಕೆಲಸ. ಅದು ಸಡಿಲಗೊಂಡರೆ ಜಠರದ ಆಮ್ಲವು ಮೇಲೇರಿ ಎದೆಯುರಿ, ಹುಳಿತೇಗು ಕಾಣಿಸಿಕೊಳ್ಳುತ್ತವೆ. ಆಮ್ಲವನ್ನು ತಾಳುವ ಶಕ್ತಿ ಜಠರದ ಒಳಪೊರೆಗೆ ಇರುವಷ್ಟು ಅನ್ನನಾಳಕ್ಕಿಲ್ಲ. ವರ್ಷಗಟ್ಟಲೆ ಆಮ್ಲ ತಾಗುತ್ತಿದ್ದರೆ ಒಳಪೊರೆ ಊದಿಕೊಂಡು ಹುಣ್ಣಾಗಬಹುದು. ಹುಣ್ಣು ಮಾಯುವಾಗ ಗಾಯದ ಕಲೆ ಬಿಗಿದು ನಾಳವೇ ಕಿರಿದಾಗಬಹುದು. ಆಗ ಮೊದಲು ಗಟ್ಟಿ ಆಹಾರ ಸಿಕ್ಕಿಕೊಳ್ಳುತ್ತದೆ, ನೀರು ಸರಾಗವಾಗಿ ಇಳಿಯುತ್ತದೆ. ನಾಳ ಕಿರಿದಾದಂತೆ ಕೆಲವರಲ್ಲಿ ಎದೆಯುರಿ ತಗ್ಗುವುದೂ ಉಂಟು. ಅದನ್ನು ಗುಣವಾಯಿತೆಂದು ತಿಳಿಯಬಾರದು.

ನುಂಗುವ ತೊಂದರೆಗೆ ಆಮ್ಲವೊಂದೇ ಕಾರಣವಲ್ಲ. ಮೊದಲಿನಿಂದಲೇ ಗಟ್ಟಿ ಆಹಾರ, ನೀರು ಎರಡೂ ತಡೆದರೆ ನಾಳದ ಚಲನೆಯ ದೋಷವಿರಬಹುದು. ಅನ್ನನಾಳದ ಕ್ಯಾನ್ಸರ್ ಕೂಡ ಹೀಗೆಯೇ, ಮೊದಲು ಮುದ್ದೆ, ಅನಂತರ ಅನ್ನ ಎಂಬಂತೆ, ಮೌನವಾಗಿ ಬೆಳೆಯುತ್ತದೆ. ಬೀಡಿ, ಹೊಗೆಸೊಪ್ಪು, ಮದ್ಯದ ಚಟವಿರುವವರಲ್ಲಿ ಅದರ ಭಯ ಹೆಚ್ಚು. ಇವುಗಳ ಭೇದ ಹೊರನೋಟಕ್ಕೆ ತಿಳಿಯದು, ಎಂಡೋಸ್ಕೋಪಿ ಬೇಕು. ಔಷಧದ ಅಂಗಡಿಯಲ್ಲಿ ಗ್ಯಾಸಿನ ಮಾತ್ರೆ ಕೊಂಡು ತಿಂಗಳುಗಟ್ಟಲೆ ನುಂಗುವುದರಿಂದ ಉರಿ ಅಡಗಿ, ರೋಗ ಮರೆಯಾಗಿ ಉಳಿಯಬಹುದು.

ಆಮ್ಲದಿಂದಲೇ ನಾಳ ಕಿರಿದಾಗಿದ್ದರೆ ಹೆದರಬೇಕಿಲ್ಲ. ಬಲೂನಿನಂತಹ ಸಾಧನದಿಂದ ಅದನ್ನು ಹಿಗ್ಗಿಸುತ್ತಾರೆ. ಮತ್ತೆ ಕಿರಿದಾಗದಂತೆ ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಮೊದಲಾದ ಮಾತ್ರೆಗಳನ್ನು ಕೊಡುತ್ತಾರೆ. ಇವನ್ನು ಸಾಮಾನ್ಯವಾಗಿ ಊಟಕ್ಕೆ ಅರ್ಧ ಗಂಟೆ ಮೊದಲು, ವೈದ್ಯರು ಹೇಳಿದಷ್ಟು ಕಾಲ ಸೇವಿಸಬೇಕು.

ರೇಷ್ಮೆ ಹುಳುವಿಗೆ ರಾತ್ರಿಯ ಸೊಪ್ಪು ಹಾಕಿ, ತಡವಾಗಿ ಉಂಡು, ಒಡನೆಯೇ ಮಲಗುವುದು ನಮ್ಮ ಎಷ್ಟೋ ಮನೆಗಳ ದಿನಚರಿ. ಊಟವನ್ನು ಮೊದಲೇ ಮುಗಿಸಿ, ಅನಂತರ ಹುಳುಮನೆಗೆ ಹೋಗುವುದು ಲೇಸು. ಊಟಕ್ಕೂ ನಿದ್ರೆಗೂ ನಡುವೆ 3 ಗಂಟೆಯಾದರೂ ಇರಲಿ. ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ 6ರಿಂದ 8 ಅಂಗುಲ ಎತ್ತರದ ಹಲಗೆ ಇಡಬೇಕು. ದಿಂಬು ಏರಿಸಿದರೆ ಸಾಲದು. ಎಡಮಗ್ಗುಲಿಗೆ ಮಲಗುವುದು ಒಳ್ಳೆಯದು. ನೋವಿನ ಮಾತ್ರೆಯನ್ನು ಒಣಗಂಟಲಲ್ಲಿ ನುಂಗದೆ, ತುಂಬು ಲೋಟ ನೀರಿನೊಡನೆ ಕುಳಿತೇ ನುಂಗಬೇಕು.

ತುತ್ತು ಸಿಕ್ಕಿಕೊಂಡು ಉಗುಳನ್ನೂ ನುಂಗಲಾಗದಿದ್ದರೆ, ರಕ್ತವಾಂತಿಯಾದರೆ, ಮಲ ಡಾಂಬರಿನಂತೆ ಕಪ್ಪಾದರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಬೆವರಿನೊಡನೆ ಎದೆನೋವು ಬಂದರೆ ಅದು ಹೃದಯದ್ದಿರಬಹುದು, ಗ್ಯಾಸೆಂದು ಕಾಯಬಾರದು. ನುಂಗುವ ತೊಂದರೆಯ ಜೊತೆಗೆ ತೂಕ ಇಳಿಯುತ್ತಿದ್ದರೆ ತಡಮಾಡದೆ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ವೈದ್ಯರನ್ನು ಕಾಣಬೇಕು. ಕ್ಯಾನ್ಸರಿನ ಶಂಕೆಯಿದ್ದರೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆ ನಮಗೆ ದೂರವೇನಲ್ಲ.

ಇಂದು ರಾತ್ರಿ ಮನೆಯ ಹಿರಿಯರೊಡನೆ ಕುಳಿತು ಉಣ್ಣೋಣ. ಮುದ್ದೆ ಮೊದಲಿನಂತೆ ಇಳಿಯುತ್ತಿದೆಯೇ ಎಂದು ಒಮ್ಮೆ ಕೇಳೋಣ.