ಹರಿದ ಕಾಗದದ ಚೂರುಗಳು

1895ನೆಯ ಇಸವಿ ಜನವರಿ 5. ಪ್ಯಾರಿಸ್ಸಿನ ಸೈನಿಕ ಶಾಲೆಯ ವಿಶಾಲವಾದ ಅಂಗಳ. ಸಾಲುಗಟ್ಟಿ ನಿಂತ ಸೈನಿಕರ ನಡುವೆ ಫಿರಂಗಿ ದಳದ ಕಪ್ತಾನನೊಬ್ಬನು ನಿಂತಿದ್ದನು. ಅವನ ಉಡುಪಿನ ಗುಂಡಿಗಳನ್ನೂ ಪಟ್ಟಿಗಳನ್ನೂ ಕಿತ್ತೆಸೆದರು. ಅವನ ಕತ್ತಿಯನ್ನು ಮೊಣಕಾಲಿಗೆ ಒತ್ತಿ ಮುರಿದರು. ಸಲೀಸಾಗಿ ಮುರಿಯಲೆಂದು ಅದನ್ನು ಮೊದಲೇ ಶಿಥಿಲಗೊಳಿಸಿ ಇಟ್ಟಿದ್ದರಂತೆ. ಅವಮಾನಕ್ಕೂ ಎಂತಹ ಸಿದ್ಧತೆ! ಬೇಲಿಯಾಚೆ ಜನರು ಶಾಪ ಹಾಕುತ್ತಿದ್ದರೆ, ಆತನು ಮಾತ್ರ "ನಾನು ನಿರಪರಾಧಿ!" ಎಂದು ಕೂಗಿ ಹೇಳುತ್ತಲೇ ಇದ್ದನು.

ಆತನೇ ಆಲ್‌ಫ್ರೆಡ್ ಡ್ರೇಫಸ್. 1859ರಲ್ಲಿ ಆಲ್ಸೇಸ್ ಪ್ರಾಂತದ ಮುಲೂಸ್ ನಗರದಲ್ಲಿ ಹುಟ್ಟಿದ ಯೆಹೂದ್ಯ. ಬಟ್ಟೆ ಗಿರಣಿಯ ಸಿರಿವಂತ ಮನೆತನದವನು. 1871ರಲ್ಲಿ ಜರ್ಮನಿ ಆಲ್ಸೇಸನ್ನು ಕಬಳಿಸಿದಾಗ ಫ್ರಾನ್ಸನ್ನೇ ತನ್ನ ನಾಡೆಂದು ಆರಿಸಿಕೊಂಡ ಕುಟುಂಬ ಅದು. ಅಂತಹವನು ಜರ್ಮನಿಗೆ ಸೈನ್ಯದ ಗುಟ್ಟುಗಳನ್ನು ಮಾರಿದನೆಂಬುದೇ ಆರೋಪ!

ಸಾಕ್ಷ್ಯವಾದರೂ ಏನು? ಜರ್ಮನ್ ರಾಯಭಾರ ಕಚೇರಿಯ ಕಸದ ಬುಟ್ಟಿಯಿಂದ ಕಸ ಗುಡಿಸುವ ಹೆಂಗಸೊಬ್ಬಳು ಫ್ರೆಂಚ್ ಗೂಢಚಾರ ಇಲಾಖೆಗೆ ತಂದುಕೊಟ್ಟ, ಸಹಿಯಿಲ್ಲದ, ಹರಿದ ಪತ್ರವೊಂದು. ಅಕ್ಷರ ಡ್ರೇಫಸನದೆಂದು ಕೆಲವರು, ಅಲ್ಲವೆಂದು ಕೆಲವರು. ಬರ್ತಿಯೋನ್ ಎಂಬ ಪಂಡಿತನಂತೂ, ಹೋಲದ ಅಕ್ಷರಗಳನ್ನು ಡ್ರೇಫಸನೇ ಬೇಕೆಂದು ಮರೆಸಿ ಬರೆದನೆಂದು ವಾದಿಸಿದನು. ಹೋಲಿದರೂ ಅಪರಾಧಿ, ಹೋಲದಿದ್ದರೂ ಅಪರಾಧಿ! ಸಾಲದುದಕ್ಕೆ, ಆರೋಪಿಗೂ ಅವನ ವಕೀಲನಿಗೂ ತಿಳಿಯದಂತೆ ರಹಸ್ಯ ಕಡತವೊಂದು ನ್ಯಾಯಾಧೀಶರ ಕೈ ಸೇರಿತು. ಆಜೀವ ಗಡೀಪಾರು ಶಿಕ್ಷೆಯಾಯಿತು.

ದಕ್ಷಿಣ ಅಮೆರಿಕದ ತೀರದಾಚೆ, ಸೈತಾನ ದ್ವೀಪವೆಂದೇ ಹೆಸರಾದ ಬಂಡೆಯ ಮೇಲೆ ಆತನು ನಾಲ್ಕು ವರ್ಷಗಳಿಗೂ ಮಿಕ್ಕಿ ಒಂಟಿಯಾಗಿ ಕಳೆದನು. ಕಾವಲುಗಾರರು ಮಾತಾಡುವಂತಿರಲಿಲ್ಲ. 1896ರಲ್ಲಿ ಕೆಲವು ವಾರಗಳ ಕಾಲ ರಾತ್ರಿಯೆಲ್ಲ ಕಾಲುಗಳನ್ನು ಮಂಚಕ್ಕೆ ಸಂಕೋಲೆಯಿಂದ ಬಿಗಿದಿದ್ದರು. ಪತ್ನಿ ಲೂಸಿಯ ಪತ್ರಗಳೇ ಆತನ ಜೀವವನ್ನು ಹಿಡಿದಿಟ್ಟವು.

ತಪ್ಪುವುದು ಮನುಷ್ಯಸಹಜವೆನ್ನೋಣ. ಆದರೆ ಅದೇ ವರ್ಷ ಗೂಢಚಾರ ಇಲಾಖೆಯ ಮುಖ್ಯಸ್ಥ ಪಿಕಾರನಿಗೆ ನಿಜಸಂಗತಿ ತಿಳಿದುಹೋಯಿತು. ಅದೇ ಕಸದ ಬುಟ್ಟಿಯಿಂದ ಬಂದ ಇನ್ನೊಂದು ಹರಿದ ಕಾಗದ ಎಸ್ಟರ್‌ಹಾಜಿ ಎಂಬ ಮೇಜರನನ್ನು ತೋರಿಸಿತು. ಅವನ ಕೈಬರಹವೂ ಮೊದಲ ಪತ್ರದೊಡನೆ ಹೊಂದಿಕೊಂಡಿತು. ಪಿಕಾರನಿಗೆ ಯೆಹೂದ್ಯರಲ್ಲಿ ಪ್ರೀತಿಯೇನೂ ಇರಲಿಲ್ಲ. ಆದರೂ ಬಾಯಿ ಮುಚ್ಚಿಕೊಂಡಿರಲು ಆತನು ಒಪ್ಪಲಿಲ್ಲ. ಮೇಲಧಿಕಾರಿಗಳು ಆತನನ್ನೇ ದೂರದ ಟ್ಯುನೀಸಿಯಕ್ಕೆ ಅಟ್ಟಿದರು. ಇತ್ತ ಆನ್ರಿ ಎಂಬ ಅಧಿಕಾರಿ ಎರಡು ಪತ್ರಗಳ ತುಂಡುಗಳನ್ನು ಅಂಟಿಸಿ ಡ್ರೇಫಸನ ವಿರುದ್ಧ ಹೊಸ ಸಾಕ್ಷ್ಯವನ್ನೇ ಸೃಷ್ಟಿಸಿದನು!

1898ರ ಜನವರಿಯಲ್ಲಿ ಸೈನಿಕ ನ್ಯಾಯಾಲಯ ಎಸ್ಟರ್‌ಹಾಜಿಯನ್ನು ಬಿಡುಗಡೆ ಮಾಡಿತು. ಎರಡೇ ದಿನಗಳಲ್ಲಿ ಕಾದಂಬರಿಕಾರ ಎಮಿಲ್ ಜೋಲಾ, ಸೇನಾಪತಿಗಳನ್ನು ಹೆಸರು ಹಿಡಿದು ದೂಷಿಸುವ ಬಹಿರಂಗ ಪತ್ರವನ್ನು ಲೋರೋರ್ ಪತ್ರಿಕೆಯಲ್ಲಿ ಪ್ರಕಟಿಸಿದನು. ಅದಕ್ಕಾಗಿ ಸೆರೆವಾಸದ ಶಿಕ್ಷೆಗೆ ಗುರಿಯಾಗಿ ಇಂಗ್ಲೆಂಡಿಗೆ ಓಡಬೇಕಾಯಿತು. ಆದರೆ ಆಗಸ್ಟಿನ ಒಂದು ರಾತ್ರಿ, ದೀಪದ ಬೆಳಕಿನಲ್ಲಿ ಆನ್ರಿಯ ಪತ್ರವನ್ನು ಪರೀಕ್ಷಿಸುತ್ತಿದ್ದ ಅಧಿಕಾರಿಯೊಬ್ಬನಿಗೆ, ಅಂಟಿಸಿದ ತುಂಡುಗಳ ಗೆರೆಗಳು ಬೇರೆ ಬೇರೆ ಬಣ್ಣದವೆಂದು ಕಂಡಿತು. ಆನ್ರಿ ತಪ್ಪೊಪ್ಪಿಕೊಂಡನು, ಮರುದಿನ ಸೆರೆಯಲ್ಲಿ ಕತ್ತು ಕೊಯ್ದ ಸ್ಥಿತಿಯಲ್ಲಿ ಸತ್ತುಬಿದ್ದಿದ್ದನು.

ಇಷ್ಟಾದರೂ 1899ರ ಮರುವಿಚಾರಣೆಯಲ್ಲಿ ಸೈನಿಕ ನ್ಯಾಯಾಲಯ ಡ್ರೇಫಸನನ್ನು ಮತ್ತೆ ಅಪರಾಧಿಯೆಂದಿತು! ರಾಷ್ಟ್ರಾಧ್ಯಕ್ಷರು ಕ್ಷಮಾದಾನವಿತ್ತರು. ನಿರಪರಾಧಿಗೆ ಕ್ಷಮೆ! 1906ರ ಜುಲೈ 12ರಂದು ಉಚ್ಚ ನ್ಯಾಯಾಲಯ ಕಳಂಕವನ್ನು ತೊಡೆಯಿತು. ಅದೇ ಸೈನಿಕ ಶಾಲೆಯ ಇನ್ನೊಂದು ಅಂಗಳದಲ್ಲಿ ಗೌರವ ಪದಕವನ್ನು ತೊಡಿಸಿದರು.

ಪಿಕಾರನು ಜನರಲ್ ಪದವಿಗೇರಿ ಯುದ್ಧಮಂತ್ರಿಯೂ ಆದನು. ಡ್ರೇಫಸನನ್ನು ಮೇಜರನನ್ನಾಗಿ ಮಾಡಿದರಾದರೂ, ಸೆರೆಯ ವರ್ಷಗಳನ್ನು ಸೇವೆಯ ಲೆಕ್ಕಕ್ಕೆ ಹಿಡಿಯಲಿಲ್ಲ. ನೊಂದು 1907ರಲ್ಲಿ ನಿವೃತ್ತನಾದ ಆತನು, 1914ರಲ್ಲಿ ಯುದ್ಧ ಬಂದಾಗ ಮತ್ತೆ ಸೈನ್ಯ ಸೇರಿದನು. 1935ರ ಜುಲೈ 12ರಂದು ತೀರಿಕೊಂಡನು. ಫ್ರೆಂಚ್ ಸಂಸತ್ತು ಆತನಿಗೆ ಬ್ರಿಗೇಡಿಯರ್ ಜನರಲ್ ಪದವಿಯನ್ನಿತ್ತದ್ದು 2025ರಲ್ಲಿ.