ಮಗುವಿನ ಮುಖದ ಕಲೆ: ತಪ್ಪು ಕಲ್ಪನೆ ಮತ್ತು ಸತ್ಯ

ನಡೆಯಲು ಕಲಿತ ಮಗು ಹೊಸ್ತಿಲನ್ನೆಡವಿ ಬೀಳುವುದು, ಒಲೆಯ ಮೇಲಣ ಹಾಲಿನ ಪಾತ್ರೆಯನ್ನು ಎಳೆದುಕೊಳ್ಳುವುದು, ಬೀದಿನಾಯಿಯ ಬಾಯಿಗೆ ಸಿಕ್ಕುವುದು, ಇವು ಯಾರ ಮನೆಯಲ್ಲಿಯಾದರೂ ಸಂಭವಿಸಬಹುದಾದ ಅನಾಹುತಗಳು. ಪ್ರಾಣಾಪಾಯವಿಲ್ಲವೆಂದು ವೈದ್ಯರು ಹೇಳಿದ ಮೇಲೆ ತಂದೆತಾಯಿಗಳ ಚಿಂತೆಯೆಲ್ಲವೂ ಮುಖದಲ್ಲುಳಿದ ಗುರುತಿನತ್ತ ತಿರುಗುತ್ತದೆ. ನೋಡಲು ಬಂದ ಬಂಧುಗಳಾದರೋ ಹಣ್ಣಿನ ಜೊತೆಗೆ ಒಂದೊಂದು ಸಲಹೆಯನ್ನೂ ತಂದಿರುತ್ತಾರೆ. ಆ ಸಲಹೆಗಳಲ್ಲಿ ಕೆಲವು ನಿರುಪದ್ರವಿಗಳು, ಕೆಲವು ಚರ್ಮಕ್ಕೆ ಕೇಡು ಮಾಡತಕ್ಕವು, ಮತ್ತೆ ಕೆಲವು ಚರ್ಮವನ್ನು ಮುಟ್ಟದೆಯೇ ಮನಸ್ಸನ್ನು ನೋಯಿಸತಕ್ಕವು. ಆದುದರಿಂದ ಅವುಗಳನ್ನು ಒಂದೊಂದಾಗಿ ಪರಿಶೀಲಿಸುವುದು ಉಚಿತ.

ಕಲ್ಪನೆ: ಎಳೆಯ ಚರ್ಮವಲ್ಲವೆ, ಬೆಳೆಯುತ್ತ ಬೆಳೆಯುತ್ತ ಕಲೆ ತಾನಾಗಿಯೇ ಅಳಿಸಿಹೋಗುತ್ತದೆ.

ಸತ್ಯ: ಕಲೆಯಿಲ್ಲದೆ ಮಾಯುವ ಶಕ್ತಿ ಗರ್ಭದಲ್ಲಿರುವ ಶಿಶುವಿನ ಚರ್ಮಕ್ಕೆ, ಅದೂ ಮೊದಲ ತಿಂಗಳುಗಳಲ್ಲಿ ಮಾತ್ರ, ಉಂಟು. ಹುಟ್ಟಿದ ಬಳಿಕ ಒಳಚರ್ಮದವರೆಗೆ ಇಳಿದ ಗಾಯವು ಗುರುತನ್ನುಳಿಸಿಯೇ ಮಾಯುತ್ತದೆ. ಒಳಚರ್ಮದಲ್ಲಿ ಚಾಪೆಯ ಹೆಣಿಗೆಯಂತೆ ಹಾಸುಹೊಕ್ಕಾಗಿರುವ ಕೊಲಾಜೆನ್ ನಾರುಗಳು ಗಾಯವಾದೆಡೆಯಲ್ಲಿ ಒಂದೇ ದಿಕ್ಕಿಗೆ ಸಾಲುಗಟ್ಟುವುದರಿಂದ ಆ ಭಾಗವು ಬೇರೆಯಾಗಿ ಕಾಣುತ್ತದೆ. ಮಕ್ಕಳಲ್ಲಿ ಈ ಕಲೆಯು ವಯಸ್ಕರಿಗಿಂತ ಹೆಚ್ಚು ಕಾಲ ಕೆಂಪಾಗಿ ಉಬ್ಬಿಕೊಂಡಿರುತ್ತದೆ. ದೇಹ ಬೆಳೆದಂತೆ ತಾನೂ ಬೆಳೆಯುತ್ತದೆ. ಹಾಗೆಂದು ಹತಾಶರಾಗಬೇಕಿಲ್ಲ. ಮೊದಲ ಕೆಲವು ತಿಂಗಳು ದಿನೇ ದಿನೇ ಕೆಡುತ್ತಿದೆಯೆಂದು ತೋರುವ ಕಲೆಯೇ ಮುಂದೆ ಒಂದೆರಡು ವರ್ಷಗಳಲ್ಲಿ ಮೆತ್ತಗಾಗಿ, ಚಪ್ಪಟೆಯಾಗಿ, ಬಣ್ಣ ತಗ್ಗಿ ನಿಲ್ಲುವುದು ವಾಡಿಕೆ. ಮೂರನೆಯ ತಿಂಗಳಲ್ಲಿ ಕಂಡ ರೂಪವನ್ನೇ ಶಾಶ್ವತವೆಂದು ತಿಳಿದು ಮರುಗುವುದು ಅಕಾಲಿಕ.

ಕಲ್ಪನೆ: ಗಾಯ ಗಾಳಿಗೆ ಒಣಗಬೇಕು, ಸುಟ್ಟಿದ್ದರೆ ಟೂತ್‌ಪೇಸ್ಟ್, ರಕ್ತ ಸೋರುತ್ತಿದ್ದರೆ ಕಾಫಿಪುಡಿ, ಅರಿಸಿನ ಮೆತ್ತಬೇಕು.

ಸತ್ಯ: 1962ರಲ್ಲಿ ಜಾರ್ಜ್ ವಿಂಟರ್ ಎಂಬ ವಿಜ್ಞಾನಿ ಹಂದಿಗಳ ಚರ್ಮದ ಮೇಲೆ ಪ್ರಯೋಗ ನಡೆಸಿ, ಒಣಗಿ ಹಕ್ಕಳೆಗಟ್ಟಿದ ಗಾಯಕ್ಕಿಂತ ತೇವ ಕಾಯ್ದಿಟ್ಟ ಗಾಯದ ಮೇಲೆ ಹೊಸ ಚರ್ಮವು ಸುಮಾರು ಇಮ್ಮಡಿ ವೇಗದಿಂದ ಹರಡುವುದೆಂದು ತೋರಿಸಿದನು. ಪುಡಿ, ಪೇಸ್ಟುಗಳಿಂದ ಸೋಂಕಿಗೆ ದಾರಿಯಾಗುತ್ತದೆ, ವೈದ್ಯರಿಗೆ ಗಾಯದ ಆಳ ಕಾಣದಂತಾಗುತ್ತದೆ. ಸುಟ್ಟ ಜಾಗದ ಮೇಲೆ 20 ನಿಮಿಷ ಹರಿಯುವ ತಣ್ಣೀರನ್ನು ಬಿಡತಕ್ಕದ್ದು; ಮಂಜುಗಡ್ಡೆ ಸಲ್ಲದು. ನಾಯಿ ಕಚ್ಚಿದ್ದರೆ ಸೋಪು ಮತ್ತು ಹರಿಯುವ ನೀರಿನಿಂದ 15 ನಿಮಿಷ ತೊಳೆದು ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಅಲ್ಲಿ ಗುರುತುಳಿಯಬಾರದೆಂಬ ಆತುರದಿಂದ ಮೊದಲು ಹೊಲಿಗೆ ಹಾಕಿರೆಂದು ಒತ್ತಾಯಿಸುವವರುಂಟು. ಆದರೆ ಗಾಯದೊಳಕ್ಕೆ ರೇಬೀಸ್ ಇಮ್ಯುನೊಗ್ಲಾಬ್ಯುಲಿನ್ ಚುಚ್ಚುವ ಮುನ್ನ ಹೊಲಿಯುವುದು ಅಪಾಯಕರ. ಪ್ರಾಣದ ಮುಂದೆ ಅಂದವು ಕಾಯಬಹುದು.

ಕಲ್ಪನೆ: ವಿಟಮಿನ್ ಇ ಎಣ್ಣೆಯನ್ನು ತಿಕ್ಕುತ್ತಿದ್ದರೆ ಕಲೆ ಕರಗುತ್ತದೆ.

ಸತ್ಯ: 1999ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಈ ಎಣ್ಣೆಯಿಂದ ಪ್ರಯೋಜನ ಕಾಣಲಿಲ್ಲ, ಅದನ್ನು ಹಚ್ಚಿಕೊಂಡವರಲ್ಲಿ ಮೂರನೆಯ ಒಂದು ಪಾಲು ಜನರಿಗೆ ಚರ್ಮದ ಉರಿಯೂತವೇ ಲಾಭವಾಯಿತು. ಪೂರ್ಣವಾಗಿ ಮಾಯ್ದ ಗಾಯದ ಮೇಲೆ ಕೆಲವು ತಿಂಗಳು ಬಳಸುವ ಸಿಲಿಕೋನ್ ಜೆಲ್ ಅಥವಾ ಹಾಳೆ, ವೈದ್ಯರು ತೋರಿಸಿಕೊಟ್ಟ ರೀತಿಯ ಮೃದುವಾದ ನೀವುವಿಕೆ, ಇವುಗಳಿಗೆ ಹೆಚ್ಚಿನ ಆಧಾರವುಂಟು. ಹಾಳೆಯನ್ನು ಕಿತ್ತು ಬಾಯಿಗಿಡುವ ವಯಸ್ಸಿನ ಮಗುವಿಗೆ ಜೆಲ್ಲೇ ಮೇಲು. ಹೊಸ ಕಲೆಯು ಬಿಸಿಲಿಗೆ ಕಪ್ಪಾಗುವುದರಿಂದ ಟೋಪಿ, ನೆರಳು, ಸನ್‌ಸ್ಕ್ರೀನ್ ಲೇಪ ಅಗತ್ಯ. ಗಾಯದ ಎಲ್ಲೆಯನ್ನು ಮೀರಿ ಕಲೆ ಹಬ್ಬತೊಡಗಿದರೆ ಅದು ಕೀಲಾಯ್ಡ್ ಇರಬಹುದು; ಮನೆಮದ್ದಿನಲ್ಲಿ ಕಾಲ ಕಳೆಯದೆ ಚರ್ಮವೈದ್ಯರನ್ನು ಕಾಣತಕ್ಕದ್ದು.

ಕಲ್ಪನೆ: ಪ್ಲಾಸ್ಟಿಕ್ ಸರ್ಜರಿ ಮಾಡಿಸಿದರೆ ಗುರುತೇ ಉಳಿಯದು.

ಸತ್ಯ: ಶಸ್ತ್ರಚಿಕಿತ್ಸೆಯು ಕಲೆಯನ್ನು ಇಲ್ಲವಾಗಿಸುವುದಿಲ್ಲ, ಎದ್ದುಕಾಣುವ ಕಲೆಯ ಬದಲು ಕಾಣದಂತಡಗುವ ಕಲೆಯನ್ನಿಡುತ್ತದೆ. ಟಿಪ್ಪುವಿನೊಡನೆ ನಡೆದ ಯುದ್ಧದಲ್ಲಿ ಸೆರೆಸಿಕ್ಕು ಮೂಗು ಕೊಯ್ಯಿಸಿಕೊಂಡ, ಇಂಗ್ಲಿಷರ ಸೈನ್ಯದ ಎತ್ತುಹೊಡೆಯುವವನಾದ ಕಾವಸ್ಜಿಗೆ ಪುಣೆಯ ಬಳಿ ಒಬ್ಬ ದೇಶೀಯ ವೈದ್ಯನು ಹಣೆಯ ಚರ್ಮದಿಂದಲೇ ಹೊಸ ಮೂಗನ್ನು ಕಟ್ಟಿಕೊಟ್ಟನು. 1794ರಲ್ಲಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ಚಿತ್ರಸಹಿತ ಪ್ರಕಟವಾದ ಆ ವೃತ್ತಾಂತವೇ ಯೂರೋಪಿನ ವೈದ್ಯರನ್ನು ಈ ವಿದ್ಯೆಯತ್ತ ಮತ್ತೆ ತಿರುಗಿಸಿತು. ಮೂಗು ಬಂದಿತಾದರೂ ಹಣೆಯ ಮೇಲೆ ಗುರುತು ಉಳಿಯಿತು. ಇಂದಿನ ಕೌಶಲವೂ ಇದೇ ನಿಯಮಕ್ಕೆ ಅಧೀನ. ವಿಯೆನ್ನಾದ ಕಾರ್ಲ್ ಲಾಂಗರ್ 1861ರಲ್ಲಿ ಗುರುತಿಸಿದ ಚರ್ಮದ ಸೆಳೆತದ ರೇಖೆಗಳನ್ನೂ ಮುಖದ ಸಹಜವಾದ ನೆರಿಗೆಗಳನ್ನೂ ಅನುಸರಿಸಿ ಕಲೆಯನ್ನು ತಿರುಗಿಸಿಟ್ಟರೆ ಅದು ಕಣ್ಣಿಗೆ ಬೀಳುವುದು ಕಡಮೆ. ಕಲೆಯು ಕಣ್ಣಿನ ರೆಪ್ಪೆಯನ್ನೋ ತುಟಿಯನ್ನೋ ಎಳೆಯುತ್ತಿದ್ದರೆ ಬೇಗನೆ ಚಿಕಿತ್ಸೆ ಬೇಕು. ಉಳಿದಂತೆ ಅದು ಪಕ್ವವಾಗುವ ತನಕ, ಸಾಮಾನ್ಯವಾಗಿ ಒಂದು ವರ್ಷವಾದರೂ, ಕಾಯುವುದು ವಿವೇಕ.

ಕಲ್ಪನೆ: ಮಗುವಿನೆದುರು ಕಲೆಯ ಮಾತೆತ್ತಬಾರದು, ಕನ್ನಡಿಯನ್ನೂ ತೋರಿಸಬಾರದು.

ಸತ್ಯ: ಕನ್ನಡಿಯಲ್ಲಿರುವುದು ತಾನೇ ಎಂಬ ಅರಿವು ಮಗುವಿಗೆ ಸುಮಾರು 18ರಿಂದ 24 ತಿಂಗಳ ನಡುವೆ ಮೂಡುತ್ತದೆ. ಆದರೆ ಅಪರಿಚಿತವಾದುದನ್ನು ಕಂಡಾಗ ಅಂಜಬೇಕೋ ನಗಬೇಕೋ ಎಂಬುದನ್ನು ತಾಯಿಯ ಮುಖ ನೋಡಿ ನಿರ್ಧರಿಸುವುದನ್ನು ಅದು ವರ್ಷ ತುಂಬುವ ಹೊತ್ತಿಗೇ ಕಲಿತಿರುತ್ತದೆ. ಆದುದರಿಂದ ತನ್ನ ಕಲೆಯ ಅರ್ಥವನ್ನೂ ಮಗು ಮೊದಲು ಓದುವುದು ಹಿರಿಯರ ಮುಖದಲ್ಲಿ. ಎಲ್ಲರೂ ಮೌನ ತಾಳಿದರೆ ಇದು ನಾಚಬೇಕಾದ ಸಂಗತಿಯೆಂದು ಅದು ಊಹಿಸಿಕೊಳ್ಳುತ್ತದೆ. ಬಸ್ಸಿನಲ್ಲಿ ಯಾರೋ, "ಅಯ್ಯೋ ಪಾಪ, ಮುಖಕ್ಕೇನಾಯ್ತಮ್ಮಾ?" ಎಂದು ಕೇಳಿದಾಗ ತಾಯಿ ಕಣ್ಣೊರೆಸಿಕೊಳ್ಳುವುದಕ್ಕೂ, "ಬಿದ್ದು ಏಟಾಗಿತ್ತು ಕಣ್ರೀ, ಈಗ ವಾಸಿಯಾಗಿದೆ, ಇವತ್ತು ಅಜ್ಜಿ ಊರಿಗೆ ಹೊರಟಿದ್ದೀವಿ" ಎಂದು ನಿರಾತಂಕವಾಗಿ ನುಡಿಯುವುದಕ್ಕೂ ಬಹಳ ಅಂತರವುಂಟು. ನಡೆದುದನ್ನು ಹೇಳಿ, ಈಗ ಚಿಂತೆಯಿಲ್ಲವೆಂದು ತಿಳಿಸಿ, ಮಾತನ್ನು ಬೇರೆಡೆಗೆ ತಿರುಗಿಸುವ ಈ ಕ್ರಮವನ್ನು ಕೇಳಿ ಕೇಳಿ ಮಗುವೂ ಶಾಲೆಗೆ ಹೋಗುವ ಹೊತ್ತಿಗೆ ತನ್ನದಾಗಿಸಿಕೊಳ್ಳುತ್ತದೆ.

ಕಲ್ಪನೆ: ಕಲೆ ದೊಡ್ಡದಾದಷ್ಟೂ ದುಃಖ ದೊಡ್ಡದು; ಹೆಣ್ಣುಮಗುವಾದರಂತೂ ಬದುಕೇ ಕೆಟ್ಟಿತು.

ಸತ್ಯ: ಕಲೆಯ ಅಳತೆಗೂ ಮನಸ್ಸಿನ ವ್ಯಥೆಗೂ ನೇರವಾದ ಸಂಬಂಧವಿಲ್ಲವೆಂಬುದು ಈ ಕ್ಷೇತ್ರದ ಸಂಶೋಧಕರು ಪದೇ ಪದೇ ಕಂಡುಕೊಂಡ ಸಂಗತಿ. 1980ರಲ್ಲಿ ಅಮೆರಿಕದ ಕ್ಲೆಕ್ ಮತ್ತು ಸ್ಟ್ರೆಂಟಾ ಎಂಬ ಮನಶ್ಶಾಸ್ತ್ರಜ್ಞರು ಕೆಲವರ ಮುಖದ ಮೇಲೆ ಕೃತಕವಾದ ಕಲೆಯನ್ನು ಬರೆದು, ಕನ್ನಡಿಯಲ್ಲಿ ತೋರಿಸಿ, ಬಳಿಕ ಅವರಿಗರಿವಿಲ್ಲದಂತೆ ಅಳಿಸಿ, ಪರರೊಡನೆ ಮಾತನಾಡಲು ಕಳುಹಿಸಿದರು. ಇಲ್ಲದ ಕಲೆಯನ್ನು ಹೊತ್ತುಹೋದ ಅವರು, ಎದುರಿನವರ ವರ್ತನೆಯಲ್ಲಿ ಅದರ ಪರಿಣಾಮವನ್ನು ಸ್ಪಷ್ಟವಾಗಿ ಕಂಡುದಾಗಿ ವರದಿಮಾಡಿದರು! ಇದರಿಂದ ಲೋಕದ ಕ್ರೌರ್ಯವೆಲ್ಲವೂ ಕಲ್ಪಿತವೆಂದು ತೀರ್ಮಾನಿಸತಕ್ಕದ್ದಲ್ಲ. ಅಡ್ಡಹೆಸರಿಟ್ಟು ಕರೆಯುವ ಸಹಪಾಠಿಗಳೂ, ವಿವಾಹದ ಮಾತನ್ನು ತೊಟ್ಟಿಲ ಬಳಿಯೇ ಎತ್ತುವ ಬಂಧುಗಳೂ ನಿಜವಾಗಿಯೇ ಇದ್ದಾರೆ. ಮಗು ಶಾಲೆಗೆ ಸೇರುವ ಮೊದಲೇ ಉಪಾಧ್ಯಾಯರೊಡನೆ ಮಾತನಾಡುವುದೂ, ಬಂಧುಗಳ ಬಾಯನ್ನು ಮರ್ಯಾದೆಯಿಂದಲೇ ಮುಚ್ಚಿಸುವುದೂ ತಂದೆತಾಯಿಗಳ ಕರ್ತವ್ಯ.

ಕಲ್ಪನೆ: ಮಗು ಮಂಕಾಗಿದ್ದರೆ ಅದಕ್ಕೆ ಕಲೆಯೇ ಕಾರಣ.

ಸತ್ಯ: ಮುಖದ ಗುರುತನ್ನೇ ದಿಟ್ಟಿಸುವ ಹಿರಿಯರು ಮರೆಯುವುದೇನೆಂದರೆ, ಆ ಮಗು ಒಂದು ಅಪಘಾತವನ್ನು ಅನುಭವಿಸಿದೆ ಎಂಬುದನ್ನು. ರಾತ್ರಿ ಬೆಚ್ಚಿ ಏಳುವುದು, ನಾಯಿಯನ್ನೋ ಒಲೆಯನ್ನೋ ಕಂಡು ನಡುಗುವುದು, ಬಿಟ್ಟಿದ್ದ ಹಾಸಿಗೆ ಒದ್ದೆಮಾಡುವ ಅಭ್ಯಾಸ ಮರುಕಳಿಸುವುದು, ಇವು ಒಂದು ತಿಂಗಳನ್ನು ಮೀರಿಯೂ ಮುಂದುವರಿದರೆ ಅದು ಅಂದದ ಚಿಂತೆಯಲ್ಲ, ಭೀತಿಯ ಶೇಷ. ಬೆಂಗಳೂರಿನ ನಿಮ್ಹಾನ್ಸ್‌ನಂತಹ ಸಂಸ್ಥೆಗಳಲ್ಲಿ ಮಕ್ಕಳ ಮನೋವೈದ್ಯರು ಇದಕ್ಕೆ ಚಿಕಿತ್ಸೆ ನೀಡುತ್ತಾರೆ. ತನ್ನ ಅಜಾಗ್ರತೆಯಿಂದಲೇ ಹೀಗಾಯಿತೆಂದು ಕೊರಗುವ ತಾಯಿಗೂ ಅದೇ ಬಾಗಿಲು ತೆರೆದಿದೆ. ಆಕೆಯ ಕೊರಗು ನೀಗುವುದು ಮಗುವಿನ ಚಿಕಿತ್ಸೆಯ ಒಂದು ಭಾಗವೇ ಹೊರತು ಅದಕ್ಕೆ ಹೊರತಾದುದಲ್ಲ.